ಚಲಾವಣೆ ತಪ್ಪಿದ ರೂಪಾಯಿ

ನಮ್ಮ ಮನೆಯಲ್ಲಿ ಒಂದು ಹಿತ್ತಾಳೆಯ ಕರಡಿಗೆಯಿದೆ. ನಮ್ಮ ತಂದೆಯವರ ತಾಯಿ ಅದನ್ನು ತವರಿನಿಂದ ತಂದಿದ್ದರು. ಅವರು ಕಾಲವಾಗಿ ಬಹಳ ದಿನಗಳ ಮೇಲೆ ಅದನ್ನು ತೆರೆದು ನೋಡಿದಾಗ, ಒಣಗಿದ ಅರಿಸಿನದ ಕೊಂಬುಗಳ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಏಳು ರೂಪಾಯಿಗಳು ಸಿಕ್ಕವು. ಐದು ನಾಣ್ಯಗಳು ವಿಕ್ಟೋರಿಯಾ ರಾಣಿಯ ಮುಖವುಳ್ಳವು. ಒಂದು ಆರನೆಯ ಜಾರ್ಜ್ ದೊರೆಯದು, 1944ನೆಯ ಇಸವಿಯದು. ಇನ್ನೊಂದು 1947ರದು, ಹಿಂಬದಿಯಲ್ಲಿ ಹುಲಿಯ ಚಿತ್ರವಿರುವಂಥದು. ಕಾಯಿದೆಯ ಪ್ರಕಾರ ಈ ಮೂರು ಬಗೆಯ ನಾಣ್ಯಗಳ ತೂಕವೂ ಒಂದೇ: 180 ಗ್ರೇನ್, ಎಂದರೆ ಒಂದು ತೊಲ, ಇಂದಿನ ಲೆಕ್ಕದಲ್ಲಿ 11.66 ಗ್ರಾಮು. ಮೂರೂ ಹೇಳುವ ಮಾತು ಒಂದೇ: ನಾನು ಒಂದು ರೂಪಾಯಿ.

ಆದರೆ ಜಗಲಿಯ ಕಲ್ಲಿನ ಮೇಲೆ ಅವುಗಳನ್ನು ಒಂದೊಂದಾಗಿ ಬೀಳಿಸಿದಾಗ ಮೂರೂ ಬೇರೆ ಬೇರೆಯಾಗಿ ನುಡಿದವು. ರಾಣಿ ಛಾಪಿನ ರೂಪಾಯಿ ಸಣ್ಣ ಗಂಟೆಯಂತೆ ದೀರ್ಘವಾಗಿ ಸದ್ದು ಮಾಡಿತು. ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ತೂಕದಲ್ಲಿ ಹೇಳುವುದಾದರೆ 10.69 ಗ್ರಾಮು. 1944ರ ರೂಪಾಯಿಯ ನಾದ ಬೇಗ ಅಡಗಿತು. ಅದರಲ್ಲಿ ಬೆಳ್ಳಿ ಅರ್ಧಕ್ಕೆ ಅರ್ಧ, 5.83 ಗ್ರಾಮು ಮಾತ್ರ. ಉಳಿದದ್ದು ತಾಮ್ರ, ನಿಕ್ಕಲ್, ಸತುವು. ಹುಲಿಯ ರೂಪಾಯಿಯದು ಗಡಸು ಸದ್ದು. ಅದರಲ್ಲಿ ಬೆಳ್ಳಿಯ ಸುಳಿವೇ ಇಲ್ಲ, ಪೂರ್ತಿ ನಿಕ್ಕಲ್. ಅಯಸ್ಕಾಂತವನ್ನು ಹತ್ತಿರ ತಂದರೆ ಓಡಿಬಂದು ಅಂಟಿಕೊಳ್ಳುತ್ತದೆ. ಹೆಸರು ಒಂದೇ ಆಗಿದ್ದೂ ಒಡಲು ಹೀಗೆ ಬದಲಾದದ್ದು ಹೇಗೆ, ಬದಲಾದಾಗ ಲಾಭ ಯಾರಿಗಾಯಿತು, ನಷ್ಟವನ್ನು ಯಾರು ಹೊತ್ತರು ಎಂಬುದನ್ನು ಈ ಹೊತ್ತು ವಿಚಾರ ಮಾಡಬೇಕೆಂದಿದ್ದೇನೆ.

ನಾಣ್ಯಕ್ಕೆ ಎರಡು ಬೆಲೆಗಳುಂಟು. ಅದರ ಮೇಲೆ ಅಚ್ಚೊತ್ತಿದ ಬೆಲೆ ಒಂದು. ಅದನ್ನು ಕರಗಿಸಿದರೆ ಬರುವ ಲೋಹದ ಬೆಲೆ ಇನ್ನೊಂದು. ಮೊದಲನೆಯದು ಅರಸನು ಕೊಟ್ಟ ಮಾತು. ಎರಡನೆಯದನ್ನು ಆ ಮಾತಿಗೆ ಇಟ್ಟ ಒತ್ತೆ ಎನ್ನಬಹುದು. ನಮ್ಮ ಹಿರಿಯರು ಬಹುಕಾಲ ಮಾತಿಗಿಂತ ಒತ್ತೆಯನ್ನೇ ಹೆಚ್ಚಾಗಿ ನೆಚ್ಚಿದವರು. ಗದ್ಯಾಣ, ವರಾಹ, ಹಣ ಎಂಬ ಹೆಸರುಗಳು ಕನ್ನಡ ನಾಡಿನಲ್ಲಿ ಚಲಾವಣೆಯಲ್ಲಿದ್ದ ಕಾಲದಲ್ಲಿ ಅವೆಲ್ಲ ಚಿನ್ನದ ತುಣುಕುಗಳೇ. ಹದಿನೇಳನೆಯ ಶತಮಾನದಲ್ಲಿ ಶ್ರೀರಂಗಪಟ್ಟಣದಿಂದ ಆಳಿದ ಕಂಠೀರವ ನರಸರಾಜ ಒಡೆಯರ ಹೆಸರಿನ ಹಣವಂತೂ ಅರ್ಧ ಗ್ರಾಮಿಗೂ ಕಡಮೆ ತೂಕದ್ದು. ಅಂಗೈಯಲ್ಲಿಟ್ಟರೆ ಗಾಳಿಗೆ ಹಾರೀತೇನೋ ಎಂಬಷ್ಟು ಕಿರಿದು. ಆದರೂ ಅದು ಚಿನ್ನ. ರಾಜ್ಯ ಹೋಗಿ ರಾಜ್ಯ ಬಂದರೂ ಚಿನಿವಾರನ ತಕ್ಕಡಿಯಲ್ಲಿ ಅದಕ್ಕೆ ಬೆಲೆಯಿತ್ತು.

ಚಿನಿವಾರನೆಂದರೆ ನಾಣ್ಯ ಬದಲಾಯಿಸಿಕೊಡುವವನು. ಅವನ ಬಳಿ ಒರೆಗಲ್ಲು, ಸಣ್ಣ ತಕ್ಕಡಿ, ಗುಲಗಂಜಿ ಇರುತ್ತಿದ್ದವು. ಒಂದು ಊರಿನ ನಾಣ್ಯ ಮತ್ತೊಂದು ಊರಿನಲ್ಲಿ ಓಡಬೇಕಾದರೆ ಅವನಿಗೆ ವಟ್ಟ ಕೊಡಬೇಕಾಗುತ್ತಿತ್ತು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸಗ್ರಂಥದಲ್ಲಿ ಊರೂರಿನ ನಾಣ್ಯಗಳನ್ನೂ ತೂಕ ಅಳತೆಗಳನ್ನೂ ಬರೆದಿಟ್ಟಿದ್ದಾನೆ. ಅದನ್ನು ಓದಿದಾಗ ಆ ಕಾಲದ ರೈತನ ಪಾಡು ಕಣ್ಣಿಗೆ ಕಟ್ಟುತ್ತದೆ. ತಾನು ಬೆಳೆದ ರಾಗಿಯನ್ನು ಒಂದು ನಾಣ್ಯಕ್ಕೆ ಮಾರಿ, ಕಂದಾಯವನ್ನು ಮತ್ತೊಂದು ನಾಣ್ಯದಲ್ಲಿ ತೆರಬೇಕಾಗಿ ಬಂದಾಗ ಅವನು ನಡುವೆ ಚಿನಿವಾರನ ಅಂಗಡಿಯನ್ನು ಹಾದೇ ಹೋಗಬೇಕಿತ್ತು.

ಈ ಗೊಂದಲವನ್ನು ತಪ್ಪಿಸಲು ಕಂಪೆನಿ ಸರಕಾರವು 1818ರಲ್ಲಿ ಮದರಾಸು ಪ್ರಾಂತದಲ್ಲಿ ಚಿನ್ನದ ವರಾಹವನ್ನು ಬಿಟ್ಟು ಬೆಳ್ಳಿಯ ರೂಪಾಯಿಯನ್ನು ಲೆಕ್ಕದ ನಾಣ್ಯವನ್ನಾಗಿ ಮಾಡಿತು. ನೂರು ವರಾಹಕ್ಕೆ 350 ರೂಪಾಯಿ ಎಂದು ಕಟ್ಟಳೆಯಾಯಿತು. 1799ರ ಒಪ್ಪಂದದಂತೆ ಮೈಸೂರು ಕಂಪೆನಿಗೆ ವರ್ಷಕ್ಕೆ ಕೊಡಬೇಕಾಗಿದ್ದ ಏಳು ಲಕ್ಷ ನಕ್ಷತ್ರ ವರಾಹವು ಕಡತಗಳಲ್ಲಿ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಎಂದು ಕಾಣಿಸಿಕೊಳ್ಳುವುದು ಈ ಲೆಕ್ಕದಿಂದಲೇ. ನಮ್ಮ ಕಂಠೀರಾಯ ಹಣಕ್ಕೆ ನಾಲ್ಕು ಆಣೆ ಎಂಟು ಪೈ ಬೆಲೆ ಬಂತು. 1835ರಲ್ಲಿ ಕಂಪೆನಿಯ ಆಳ್ವಿಕೆಯ ಪ್ರದೇಶಕ್ಕೆಲ್ಲ ಒಂದೇ ತೂಕದ, ಒಂದೇ ಮಟ್ಟದ ರೂಪಾಯಿ ಬಂತು. ತೂಕ 180 ಗ್ರೇನ್, ಶುದ್ಧ ಬೆಳ್ಳಿ 165 ಗ್ರೇನ್. ಈ ರೂಪಾಯಿಯನ್ನು ಜನ ಎಷ್ಟು ನಂಬಿದರೆಂದರೆ ಅದನ್ನೇ ತೂಕದ ಕಲ್ಲನ್ನಾಗಿ ಮಾಡಿಕೊಂಡರು. ಎಂಬತ್ತು ರೂಪಾಯಿ ತೂಕ ಒಂದು ಸೇರು. ಅಕ್ಕಸಾಲಿಗನಿಗೆ ಬೆಳ್ಳಿಯ ಕಡಗ ಮಾಡಿಸಲು ಹೇಳುವಾಗ, ಇಷ್ಟು ರೂಪಾಯಿ ತೂಕದ್ದು ಎಂದೇ ಹೇಳುತ್ತಿದ್ದರು.

ಹೀಗೆ ನಂಬಲು ಕಾರಣವೂ ಇತ್ತು. ಆಗ ಟಂಕಸಾಲೆಯ ಬಾಗಿಲು ಎಲ್ಲರಿಗೂ ತೆರೆದಿತ್ತು. ಯಾರೇ ಆಗಲಿ ಬೆಳ್ಳಿಯನ್ನು ಒಯ್ದು ಕೊಟ್ಟು, ಅಚ್ಚಿನ ಕೂಲಿಯಷ್ಟನ್ನು ಕಳೆದು, ರೂಪಾಯಿಗಳನ್ನು ಪಡೆಯಬಹುದಾಗಿತ್ತು. ಆದುದರಿಂದ ಕೈಯ ಕಡಗಕ್ಕೂ ಪೆಟ್ಟಿಗೆಯ ರೂಪಾಯಿಗೂ ಹೆಚ್ಚಿನ ಅಂತರವಿರಲಿಲ್ಲ. ಹೆಂಗಸರ ಮೈಮೇಲಿನ ಬೆಳ್ಳಿಯೇ ಬಡವರ ಬ್ಯಾಂಕು. ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 78ರವರೆಗೆ, ದಕ್ಷಿಣ ದೇಶವನ್ನೆಲ್ಲ ಸುಟ್ಟ ಬರದಲ್ಲಿ ಲೆಕ್ಕವಿಲ್ಲದಷ್ಟು ಕಡಗ, ಕಾಲಂದುಗೆ, ಡಾಬುಗಳು ಹೀಗೆ ಟಂಕಸಾಲೆಯನ್ನು ಸೇರಿ ರೂಪಾಯಿಯಾಗಿ, ಆಮೇಲೆ ಧಾನ್ಯವಾದವು.

ಅಷ್ಟರಲ್ಲಿ ದೂರದ ಯುರೋಪಿನಲ್ಲಿ ಗಾಳಿ ತಿರುಗಿತ್ತು. 1871ರ ಅನಂತರ ಜರ್ಮನಿ ಚಿನ್ನದ ನಾಣ್ಯವನ್ನು ಕೈಗೊಂಡು ತನ್ನ ಬೆಳ್ಳಿಯನ್ನು ಪೇಟೆಗೆ ಸುರಿಯಿತು. ಮಿಕ್ಕ ದೇಶಗಳೂ ಅದೇ ದಾರಿ ಹಿಡಿದವು. ಬೆಳ್ಳಿಯ ಧಾರಣೆ ವರ್ಷ ವರ್ಷವೂ ಇಳಿಯತೊಡಗಿತು. ಎರಡು ಷಿಲಿಂಗಿಗೆ ಸಮನಾಗಿದ್ದ ರೂಪಾಯಿ ಹದಿನೈದು ಪೆನ್ಸಿನ ಆಚೀಚೆಗೆ ಬಂತು. ಲಂಡನ್ನಿಗೆ ಪ್ರತಿವರ್ಷವೂ ಪೌಂಡುಗಳಲ್ಲಿ ಹಣ ಕಳುಹಿಸಬೇಕಾಗಿದ್ದ ಭಾರತ ಸರಕಾರಕ್ಕೆ ಇದು ದೊಡ್ಡ ಸಂಕಟವಾಯಿತು. ಹರ್ಷಲ್ ಸಮಿತಿಯ ಸಲಹೆಯ ಮೇಲೆ 1893ರ ಜೂನ್ ತಿಂಗಳಲ್ಲಿ ಟಂಕಸಾಲೆಯ ಬಾಗಿಲನ್ನು ಜನರ ಬೆಳ್ಳಿಗೆ ಮುಚ್ಚಲಾಯಿತು. ಇನ್ನು ಮುಂದೆ ರೂಪಾಯಿಯನ್ನು ಎಷ್ಟು ಅಚ್ಚು ಹಾಕಬೇಕೆಂಬುದು ಸರಕಾರದ ಇಚ್ಛೆ. ರೂಪಾಯಿ ವಿರಳವಾದಂತೆ ಅದರ ವಿನಿಮಯ ದರ ಹದಿನಾರು ಪೆನ್ಸಿಗೆ ಏರಿ ನಿಂತಿತು. ಬೆಳ್ಳಿ ಮಾತ್ರ ಇಳಿಯುತ್ತಲೇ ಹೋಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹದಿನಾರು ಪೆನ್ಸಿನ ರೂಪಾಯಿಯ ಒಡಲಲ್ಲಿದ್ದದ್ದು ಸುಮಾರು ಒಂಬತ್ತು ಹತ್ತು ಪೆನ್ಸಿನ ಬೆಳ್ಳಿ.

ನಾಣ್ಯದ ರೂಪ, ತೂಕ, ನಾದ ಯಾವುದೂ ಬದಲಾಗಲಿಲ್ಲ. ಆದರೂ ಒಂದು ಆಜ್ಞೆಯಿಂದ ಮಾತು ಮತ್ತು ಒತ್ತೆ ಬೇರೆ ಬೇರೆಯಾದವು. ಪೆಟ್ಟಿಗೆಯಲ್ಲಿ ರೂಪಾಯಿ ಇಟ್ಟುಕೊಂಡವನಿಗೆ ನಷ್ಟವಿರಲಿಲ್ಲ. ಅದೇ ತೂಕದ ಬೆಳ್ಳಿಯನ್ನು ಕೈಗೆ ತೊಟ್ಟುಕೊಂಡವಳಿಗೆ ನಷ್ಟವಾಯಿತು. 1896–97ರಲ್ಲಿಯೂ 1899–1900ರಲ್ಲಿಯೂ ಬಿಜಾಪುರ, ಧಾರವಾಡದ ಸೀಮೆಯನ್ನು ಬರ ಮತ್ತೆ ಹೊಕ್ಕಿತು. ಆಗ ಹತ್ತು ರೂಪಾಯಿ ತೂಕದ ಕಡಗಕ್ಕೆ ಹತ್ತು ರೂಪಾಯಿಗೆ ಸಮೀಪವಾದ ಬೆಲೆ ಸಿಕ್ಕುವ ಕಾಲ ಮುಗಿದಿತ್ತು. ಲಂಡನ್ನಿನ ಸಮಿತಿಯ ಹೆಸರನ್ನೇ ಕೇಳದ ಹೆಂಗಸರು, ಮೈಮೇಲಿನ ಬೆಳ್ಳಿ ಇದ್ದಕ್ಕಿದ್ದಂತೆ ಏಕೆ ಬಡವಾಯಿತೆಂದು ತಿಳಿಯದೆ ಸಾಹುಕಾರನ ಜಗಲಿಯ ಮುಂದೆ ನಿಂತರು.

ಒತ್ತೆಗಿಂತ ಮಾತಿನ ಬೆಲೆ ಹೆಚ್ಚಾದಾಗ ಕಳ್ಳನಾಣ್ಯದ ಭಯ ಹುಟ್ಟುತ್ತದೆ. ಮಹಮ್ಮದ್ ಬಿನ್ ತುಘಲಕನು ಸುಮಾರು 1330ರಲ್ಲಿ ಹಿತ್ತಾಳೆ, ತಾಮ್ರಗಳ ನಾಣ್ಯವನ್ನು ಹೊರಡಿಸಿ, ಇದನ್ನು ಬೆಳ್ಳಿಯ ಟಂಕವೆಂದೇ ತಿಳಿಯಿರಿ ಎಂದಾಗ, ಮನೆಮನೆಯೂ ಟಂಕಸಾಲೆಯಾಯಿತೆಂದು ಇತಿಹಾಸಕಾರ ಬರನಿ ಹೇಳುತ್ತಾನೆ. ಕೊನೆಗೆ ಸುಲ್ತಾನನು ಆ ನಾಣ್ಯಗಳನ್ನು ತನ್ನ ಬೊಕ್ಕಸದ ಚಿನ್ನ ಬೆಳ್ಳಿ ಕೊಟ್ಟು ಹಿಂದಕ್ಕೆ ಪಡೆದನು. ಅವನನ್ನು ಹುಚ್ಚನೆಂದು ನಗುವುದು ನಮಗೆ ವಾಡಿಕೆ. ಆದರೆ ತಾನು ಕೊಟ್ಟ ಮಾತಿಗೆ ಅವನು ಬೊಕ್ಕಸವನ್ನೇ ತೆತ್ತನೆಂಬುದನ್ನೂ ನೆನೆಯಬೇಕು. ಬ್ರಿಟಿಷರ ರೂಪಾಯಿ ಆ ಗತಿಗೆ ಬರಲಿಲ್ಲ. ಯಂತ್ರದ ನುಣುಪಾದ ಅಚ್ಚು, ಅಂಚಿನ ಗೀರುಗಳು, ಮೇಲಾಗಿ ಅಚ್ಚಿನ ಮೇಲೆ ಸರಕಾರವಿಟ್ಟ ಹಿಡಿತ ಅದನ್ನು ಕಾಪಾಡಿದವು.

ಇದಕ್ಕೆ ವಿರುದ್ಧವಾದ ಆಪತ್ತು ಮೊದಲನೆಯ ಮಹಾಯುದ್ಧದಲ್ಲಿ ಬಂತು. ಬೆಳ್ಳಿಯ ಧಾರಣೆ ಏರಲು ತೊಡಗಿತು. ಲಂಡನ್ನಿನಲ್ಲಿ ಔನ್ಸಿಗೆ 43 ಪೆನ್ಸ್ ಮುಟ್ಟಿದರೆ ರೂಪಾಯಿಯೊಳಗಿನ ಬೆಳ್ಳಿಯೂ ಅದರ ಹದಿನಾರು ಪೆನ್ಸಿನ ಬೆಲೆಯೂ ಸರಿಸಮ. 1917ರಲ್ಲಿ ಆ ಗೆರೆ ದಾಟಿತು. ಅಲ್ಲಿಂದಾಚೆಗೆ ರೂಪಾಯಿಯನ್ನು ಖರ್ಚು ಮಾಡುವುದಕ್ಕಿಂತ ಕರಗಿಸುವುದೇ ಲಾಭ. ನಾಣ್ಯವನ್ನು ಕರಗಿಸುವುದು ಅಪರಾಧವೆಂದು ಸರಕಾರ ಸಾರಿತು; ಅದೇ ವರ್ಷದ ಕೊನೆಗೆ ಒಂದು ರೂಪಾಯಿಯ ಕಾಗದದ ನೋಟನ್ನು ಹೊರಡಿಸಿತು; ಬೆಳ್ಳಿಯ ಸಣ್ಣ ನಾಣ್ಯಗಳ ಜಾಗಕ್ಕೆ ತಾಮ್ರ ಮತ್ತು ನಿಕ್ಕಲ್ ಬೆರಸಿದ ನಾಣ್ಯಗಳನ್ನು ತಂದಿತು. ಅಮೆರಿಕ ತನ್ನ ಬೊಕ್ಕಸದಿಂದ ಇಪ್ಪತ್ತು ಕೋಟಿ ಔನ್ಸು ಬೆಳ್ಳಿಯನ್ನು ಮಾರಿದ ಮೇಲೆ ರೂಪಾಯಿ ಉಸಿರಾಡಿತು. 1920ರ ಫೆಬ್ರವರಿಯಲ್ಲಿ ಬೆಳ್ಳಿ ಎಂಬತ್ತೊಂಬತ್ತೂವರೆ ಪೆನ್ಸಿಗೆ ಏರಿದಾಗ ಒಂದು ರೂಪಾಯಿಯ ಬೆಳ್ಳಿಗೇ ಎರಡು ಷಿಲಿಂಗ್ ಒಂಬತ್ತು ಪೆನ್ಸ್ ಬೆಲೆ.

ಆ ವರ್ಷ ಸರಕಾರ ಮಾಡಿದ್ದು ನಿಜವಾದ ಮರುಮೌಲ್ಯೀಕರಣ. ರೂಪಾಯಿಯನ್ನು ಎರಡು ಷಿಲಿಂಗಿಗೆ ಏರಿಸಿತು. ಅದರ ಫಲವಾಗಿ, ಹದಿನೈದು ರೂಪಾಯಿಗೆ ಓಡುತ್ತಿದ್ದ ಸವರನ್ನಿನ ಕಾಯಿದೆಬೆಲೆ ಹತ್ತು ರೂಪಾಯಿಗೆ ಇಳಿಯಿತು. ಹಳೆಯ ದರದಲ್ಲಿ ಒಪ್ಪಿಸಲು ಜನರಿಗೆ ದೊರೆತ ಅವಧಿ ಬಹಳ ಚಿಕ್ಕದು. ಆದರೆ ಸವರನ್ನಿನೊಳಗಿನ ಚಿನ್ನ ಒಂದು ಗುಲಗಂಜಿಯಷ್ಟೂ ಸವೆದಿರಲಿಲ್ಲ. ಆದುದರಿಂದ ಹತ್ತು ರೂಪಾಯಿಗೆ ಅದನ್ನು ಕೊಡುವವರಾರು? ಅದು ಪೇಟೆಯಿಂದ ಮರೆಯಾಗಿ ಹೆಂಗಸರ ಕಾಸಿನ ಸರವನ್ನು ಸೇರಿತು. ಎರಡು ಷಿಲಿಂಗಿನ ಪಟ್ಟೂ ಬಹುಕಾಲ ನಿಲ್ಲಲಿಲ್ಲ. ಬೆಳ್ಳಿ ಇಳಿದೊಡನೆ ವಿನಿಮಯ ದರ ಕುಸಿದು, ಹೊಸ ದರವನ್ನು ನಂಬಿ ವಿಲಾಯಿತಿಗೆ ಸರಕಿನ ಬೇಡಿಕೆ ಕಳುಹಿಸಿದ್ದ ವರ್ತಕರು ಕೈಸುಟ್ಟುಕೊಂಡರು. ಮೂರು ವರ್ಷಗಳ ಮೇಲೆ, 1923ರಲ್ಲಿ, ರೂಪಾಯಿಯ ಸಮಸ್ಯೆಯನ್ನೇ ಕುರಿತು ಲಂಡನ್ನಿನಲ್ಲಿ ಗ್ರಂಥ ಪ್ರಕಟಿಸಿದ ಯುವ ವಿದ್ವಾಂಸರು ಡಾಕ್ಟರ್ ಅಂಬೇಡ್ಕರ್ ಎಂಬುದು ಇಲ್ಲಿ ಸ್ಮರಣೀಯ.

ಇನ್ನು ನಮ್ಮ ಕರಡಿಗೆಯ ಕಥೆಗೆ ಬರುತ್ತೇನೆ. 1940ರ ಜೂನ್ ತಿಂಗಳಲ್ಲಿ ಫ್ರಾನ್ಸ್ ದೇಶ ಜರ್ಮನರ ವಶವಾದ ಸುದ್ದಿ ಬಂದಾಗ ಭಾರತದ ಜನ ನೋಟುಗಳನ್ನು ಹಿಡಿದುಕೊಂಡು ಬೆಳ್ಳಿಯ ರೂಪಾಯಿಗಾಗಿ ಮುಗಿಬಿದ್ದರು. ಸರಕಾರ ಮತ್ತೆ ಒಂದು ರೂಪಾಯಿಯ ನೋಟನ್ನು ತಂದಿತು. ಆ ವರ್ಷವೇ ನಾಣ್ಯದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ಆಮೇಲೆ ಹಳೆಯ ಗಟ್ಟಿ ರೂಪಾಯಿಗಳನ್ನು ಒಂದೊಂದಾಗಿ ಚಲಾವಣೆಯಿಂದ ತೆಗೆಯಿತು: 1941ರಲ್ಲಿ ವಿಕ್ಟೋರಿಯಾ ಛಾಪು, 1942ರಲ್ಲಿ ಎಡ್ವರ್ಡ್ ಛಾಪು, 1943ರಲ್ಲಿ ಜಾರ್ಜ್ ದೊರೆಗಳ ಹಳೆಯ ಮಟ್ಟದ ನಾಣ್ಯಗಳು. ಅವನ್ನು ಖಜಾನೆಗೆ ಒಪ್ಪಿಸಿದರೆ ರೂಪಾಯಿಗೆ ರೂಪಾಯಿ ಸಿಕ್ಕುತ್ತಿತ್ತು. ಕಾಯಿದೆಯ ದೃಷ್ಟಿಯಲ್ಲಿ ಯಾರಿಗೂ ಕಾಸಿನ ನಷ್ಟವಿಲ್ಲ. ಆದರೆ 10.69 ಗ್ರಾಮು ಬೆಳ್ಳಿಯನ್ನು ಕೊಟ್ಟವನು 5.83 ಗ್ರಾಮಿನ ನಾಣ್ಯವನ್ನೋ ಬರಿಯ ಕಾಗದವನ್ನೋ ಹಿಡಿದುಕೊಂಡು ಮನೆಗೆ ಬಂದನು.

ನಮ್ಮ ಅಜ್ಜಿಗೆ ಮದುವೆಯಲ್ಲಿ ಮುಯ್ಯಿಯಾಗಿ ಬಂದ ಹನ್ನೊಂದು ರಾಣಿ ಛಾಪಿನ ರೂಪಾಯಿಗಳಿದ್ದವು. ತಾತ ತಮ್ಮ ಬಳಿಯಿದ್ದುದನ್ನು ತಾಲ್ಲೂಕು ಖಜಾನೆಗೆ ಕಟ್ಟಿ ನೋಟು ತಂದರು. ಅಜ್ಜಿ ತಮ್ಮದನ್ನು ಕೊಡಲಿಲ್ಲ. ಅವರಿಗೆ ಓದು ಬಾರದು; ನಾಣ್ಯದ ನಾದ ಮಾತ್ರ ಗೊತ್ತು. ಕೆಲವು ವರ್ಷಗಳ ಮೇಲೆ ನಮ್ಮ ಸೋದರತ್ತೆಗೆ ಕಾಯಿಲೆಯಾಗಿ ದುಡ್ಡಿನ ತುರ್ತು ಬಂದಾಗ ಆರು ರೂಪಾಯಿಗಳನ್ನು ಪೇಟೆಗೆ ಕಳುಹಿಸಿದರು. ಅಂಗಡಿಯವನೊಬ್ಬ ಅವನ್ನು ನೋಡಿ, "ಇವು ಸತ್ತ ನಾಣ್ಯ, ಸರಕಾರವೇ ಬೇಡವೆಂದಿದೆ. ನಿಮ್ಮ ಮುಖ ನೋಡಿ ಎಂಟೆಂಟಾಣೆ ಕೊಡುತ್ತೇನೆ" ಎಂದನಂತೆ. ತೊಲ ಬೆಳ್ಳಿಗೆ ಒಂದು ರೂಪಾಯಿಗಿಂತ ಹೆಚ್ಚಿನ ಧಾರಣೆಯಿದ್ದ ಕಾಲ ಅದು. ಅವನು ಹೇಳಿದ್ದು ಸುಳ್ಳಲ್ಲ. ಚಲಾವಣೆ ನಿಂತದ್ದು ನಿಜ. ಲೋಹ ಸತ್ತಿರಲಿಲ್ಲವೆಂಬ ಉಳಿದರ್ಧ ಸತ್ಯವನ್ನು ಅವನು ಹೇಳಲಿಲ್ಲ, ಅಷ್ಟೆ. ಆರು ರೂಪಾಯಿಗೆ ಮೂರು ರೂಪಾಯಿ ಬಂತು. ಅಜ್ಜಿ ಅದನ್ನು ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದರು. ಅವರಿಗೆ ಸಿಟ್ಟು ಅಂಗಡಿಯವನ ಮೇಲಲ್ಲ. "ಮುಖ ಅಚ್ಚು ಹಾಕಿಸಿಕೊಂಡವಳು ಮಾತಿಗೆ ತಪ್ಪಿದಳಲ್ಲ" ಎಂದು ರಾಣಿಯ ಮೇಲೆ!

ಸರಕಾರ ಒಟ್ಟುಗೂಡಿಸಿದ ಬೆಳ್ಳಿ ಎಲ್ಲಿಗೆ ಹೋಯಿತು? ಅದಕ್ಕೂ ಒಂದು ಕಥೆಯಿದೆ. ಎರಡನೆಯ ಮಹಾಯುದ್ಧದಲ್ಲಿ ನಾಣ್ಯದ ಅಭಾವವನ್ನು ನೀಗಲು ಭಾರತವು ಅಮೆರಿಕದಿಂದ ಇಪ್ಪತ್ತೆರಡು ಕೋಟಿ ಔನ್ಸಿಗೂ ಮಿಕ್ಕ ಬೆಳ್ಳಿಯನ್ನು ಸಾಲ ತಂದಿತ್ತು. ಸಾಲವನ್ನು ಬೆಳ್ಳಿಯ ರೂಪದಲ್ಲಿಯೇ ತೀರಿಸಬೇಕು. 1957ರ ಏಪ್ರಿಲ್ ಅದರ ಗಡುವು. ಆದುದರಿಂದಲೇ 1946–47ರಲ್ಲಿ ನಿಕ್ಕಲ್ ನಾಣ್ಯಗಳು ಬಂದವು. ಅರ್ಧ ಬೆಳ್ಳಿಯ ನಾಣ್ಯಗಳನ್ನು ಹಿಂದಕ್ಕೆ ಪಡೆದು ಕಲ್ಕತ್ತೆಯ ಅಲಿಪುರದ ಶುದ್ಧೀಕರಣಾಲಯದಲ್ಲಿ ಬೆಳ್ಳಿಯನ್ನು ಬೇರ್ಪಡಿಸಿ ಸಾಲ ತೀರಿಸಲಾಯಿತು. ಹುಲಿಯ ರೂಪಾಯಿಯಲ್ಲಿ ಬೆಳ್ಳಿಯಿಲ್ಲದ್ದಕ್ಕೆ ಕಾರಣ ಇದು. ಸ್ವತಂತ್ರ ಭಾರತವು ತಾನು ಮಾಡದ ಸಾಲವನ್ನೂ ಮಾತಿನಂತೆ ಹಿಂದಿರುಗಿಸಿತು.

ವಿಚಿತ್ರವೆಂದರೆ ಅದೇ 1957ರ ಏಪ್ರಿಲ್ 1ರಂದೇ ದಶಮಾಂಶ ನಾಣ್ಯಗಳೂ ಬಂದವು. ಆಗ ನಾನು ಪ್ರಾಥಮಿಕ ಶಾಲೆಯ ಹುಡುಗ. ರೂಪಾಯಿಗೆ ಹದಿನಾರು ಆಣೆ, ಅರವತ್ತನಾಲ್ಕು ಕಾಸು ಎಂದು ಕಲಿತಿದ್ದ ಮಗ್ಗಿಯನ್ನು ಮರೆತು, ನೂರು ನಯಾಪೈಸೆಯೆಂದು ಹೊಸದಾಗಿ ಕಲಿಯಬೇಕಾಯಿತು. ಒಂದು ಆಣೆಗೆ ಆರೂಕಾಲು ನಯಾಪೈಸೆ. ಕಾಲು ಪೈಸೆಯ ನಾಣ್ಯವೆಲ್ಲಿದೆ? ಅರ್ಧವೂ ಅದಕ್ಕೆ ಕಡಮೆಯೂ ಆದ ಭಾಗವನ್ನು ಬಿಡತಕ್ಕದ್ದು, ಅರ್ಧಕ್ಕಿಂತ ಹೆಚ್ಚಾದರೆ ಒಂದೆಂದು ಎಣಿಸತಕ್ಕದ್ದು ಎಂದು ಕಾಯಿದೆ ಹೇಳಿತು. ಹೀಗಾಗಿ ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು. ಒಂದು ಹಳೆಯ ಕಾಸಿಗೆ ಒಂದೂವರೆಗೆ ತುಸು ಮೇಲೆ, ಅದು ಎರಡಾಯಿತು. ಒಂದು ಕಾಸಿನ ಬೆಲ್ಲದ ಚೂರಿಗೆ ಎರಡು ನಯಾಪೈಸೆ ಕೊಡಬೇಕಾಯಿತು. ಸಾವಿರ ರೂಪಾಯಿಯ ವ್ಯಾಪಾರದಲ್ಲಿ ಈ ಭಿನ್ನರಾಶಿ ಕಣ್ಣಿಗೆ ಬೀಳದು. ದಿನವೂ ಕಾಸಿನ ಲೆಕ್ಕದಲ್ಲಿ ಎಣ್ಣೆ, ಉಪ್ಪು, ಎಲೆಅಡಿಕೆ ಕೊಳ್ಳುವವರಿಗೆ ಅದೇ ದೊಡ್ಡದು. ನಮ್ಮೂರಿನ ಅಂಗಡಿಯ ಮುಂದೆ ಆ ಬೇಸಗೆಯೆಲ್ಲ ನಡೆದ ಜಗಳಗಳು ಇಂದಿಗೂ ನನ್ನ ಕಿವಿಯಲ್ಲಿವೆ.

ಆಮೇಲಿನ ಕಥೆ ಚಿಕ್ಕದು. 1964ರಲ್ಲಿ "ನಯಾ" ಎಂಬ ವಿಶೇಷಣ ಉದುರಿತು. ಆ ದಶಕದಲ್ಲೇ ಸಣ್ಣ ನಾಣ್ಯಗಳು ಅಲ್ಯೂಮಿನಿಯಮ್ಮಿಗೆ ಇಳಿದವು. ಒಂದು ಪೈಸೆಯ ತೂಕ ಮುಕ್ಕಾಲು ಗ್ರಾಮು. ಮುಂದೆ ಉಕ್ಕಿನ ನಾಣ್ಯಗಳು ಬಂದವು. ಹಳೆಯ ನ್ಯಾಯ ಮಾತ್ರ ಬದಲಾಗಲಿಲ್ಲ. 2007ರಲ್ಲಿ ಕಲ್ಕತ್ತೆಯ ಕಡೆಯಿಂದ ನಾಣ್ಯಗಳು ಗಡಿ ದಾಟಿ, ಕರಗಿ, ಕ್ಷೌರದ ಬ್ಲೇಡುಗಳಾಗುತ್ತಿವೆಯೆಂದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಅಗ್ಗದ ಲೋಹಕ್ಕೂ ನಾಣ್ಯದ ಮುಖಬೆಲೆಯನ್ನು ಮೀರುವ ದಿನ ಬರುತ್ತದೆ. 2011ರ ಜೂನ್ 30ರ ಅನಂತರ ಇಪ್ಪತ್ತೈದು ಪೈಸೆಯೂ ಅದಕ್ಕೆ ಕಿರಿಯ ನಾಣ್ಯಗಳೂ ಚಲಾವಣೆಯಿಂದ ಹೋದವು. ನಮ್ಮ ಬಾಯಲ್ಲಿ ಮಾತ್ರ ಪಾವಲಿ ಇನ್ನೂ ಸತ್ತಿಲ್ಲ.

ನಾಣ್ಯದಲ್ಲಿ ಮತ್ತೆ ಬೆಳ್ಳಿ ತುಂಬಬೇಕೆಂದು ನಾನು ಹೇಳುತ್ತಿಲ್ಲ. ಒತ್ತೆಯಿಲ್ಲದ ನಾಣ್ಯದಿಂದಲೇ ಇಂದು ಜಗತ್ತಿನ ವ್ಯವಹಾರವೆಲ್ಲ ನಡೆದಿದೆ, ನಡೆಯಲೂ ಬೇಕು. ಆದರೆ ಒತ್ತೆ ಹೋದ ಮೇಲೆ ಉಳಿಯುವುದು ಮಾತೊಂದೇ. ಆ ಮಾತು ಬದಲಾಗುವ ದಿನ ಸುದ್ದಿ ಎಲ್ಲರಿಗೂ ಒಂದೇ ಹೊತ್ತಿಗೆ ಮುಟ್ಟುವುದಿಲ್ಲ. ಮೊದಲು ತಿಳಿದವನು ಗೆದ್ದ. ಕೊನೆಗೆ ತಿಳಿದವನು ತೆತ್ತ. 1893ರಲ್ಲಿ ಕಡಗ ತೊಟ್ಟವಳು ತೆತ್ತಳು; 1957ರಲ್ಲಿ ಕಾಸಿನ ಬೆಲ್ಲ ಕೊಂಡವನು ತೆತ್ತನು. ನಾಣ್ಯದ ಲೆಕ್ಕವನ್ನು ಬದಲಿಸುವ ಸರಕಾರ ಹೊಸ ಅಚ್ಚಿನ ಅಂದಕ್ಕಿಂತ ಮೊದಲು ಹಳ್ಳಿಯ ಕೊನೆಯ ಮನೆಗೆ ಸುದ್ದಿ ಮುಟ್ಟಿತೇ ಎಂದು ಕೇಳಿಕೊಳ್ಳಬೇಕು.

ಅಜ್ಜಿಯ ಐದು ರೂಪಾಯಿಗಳನ್ನು ಈಚೆಗೆ ಅಕ್ಕಸಾಲಿಗರೊಬ್ಬರ ತಕ್ಕಡಿಯಲ್ಲಿ ತೂಗಿಸಿದೆ. ಕೈಯಿಂದ ಕೈಗೆ ಸಾಗಿ ಸವೆದು, ಪ್ರತಿಯೊಂದೂ ಹುಟ್ಟುತೂಕಕ್ಕೆ ತುಸು ಕಡಮೆಯಾಗಿತ್ತು. ಬೆಲೆ ಹೇಳಲೇ ಎಂದು ಅವರು ಕೇಳಿದರು. ಬೇಡವೆಂದು, ಅವನ್ನು ಮತ್ತೆ ಅದೇ ಬಟ್ಟೆಯಲ್ಲಿ ಸುತ್ತಿ ಕರಡಿಗೆಯಲ್ಲಿಟ್ಟೆ. ಅಂಗಡಿಯವನಿಗೆ ಹೋದ ಆರು ರೂಪಾಯಿಗಳು ಎಂದೋ ಕರಗಿ, ಯಾರದೋ ಮನೆಯ ಕುಂಕುಮದ ಬಟ್ಟಲಾಗಿಯೋ ಕೂಸಿನ ಕಾಲ್ಗೆಜ್ಜೆಯಾಗಿಯೋ ಇಂದೂ ಇರಬಹುದು.